ಜಾಲಿಕಾಯಿ ತಿನ್ನಿಸಿದವ

ಸಂಜುಕುಮಾರನ ಹೊಲದ ತುಂಬ ಬಳ್ಳಾರಿ ಜಾಲಿ ಎದ್ದಿದೆ ಎಂಬ ಸುದ್ದಿ ಕೇಳಿದ ದಿನ ನಾನು ಮನೆಯಲ್ಲಿ ಗೋಧಿ ಹುಗ್ಗಿ ಮಾಡಿದೆ. ತುಪ್ಪವನ್ನೂ ಧಾರಾಳವಾಗಿ ಹಾಕಿದೆ. ಇನ್ನೊಬ್ಬರ ಹೊಲ ಹಾಳಾದರೆ ಸಿಹಿ ಮಾಡುವ ಹೆಂಗಸು ಎಂಥವಳು ಎಂದು ನೀವು ಕೇಳಬಹುದು. ಮೂವತ್ತೊಂದು ವರ್ಷ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳಿಗೆ ಒಳ್ಳೆಯ ಮಾತು ಕಲಿಸಿ ನಿವೃತ್ತಳಾದವಳು ನಾನು. ಒಳ್ಳೆಯ ಮಾತುಗಳೆಲ್ಲ ಅಲ್ಲಿಯೇ ಖರ್ಚಾದವು. ಈಗ ಉಳಿದಿರುವುದು ಸಿಟ್ಟು, ಅದನ್ನು ನಾನು ಮುಚ್ಚಿಡುವವಳಲ್ಲ.

ಆ ಜಾಲಿಯನ್ನು ಎಬ್ಬಿಸಿದವನು ಕಾಶೀನಾಥ. ಬೀದರಿನ ಮೈಲೂರಿನಲ್ಲಿ ನನ್ನ ಮನೆಯ ಹಿಂದಿನ ಎರಡು ಕೋಣೆಗಳಲ್ಲಿ ಹೆಂಡತಿ ಸಿದ್ದೇಶ್ವರಿ, ಮಗಳು ಮಾಯಾ ಜೊತೆ ಬಾಡಿಗೆಗೆ ಇದ್ದವನು. ಅವನ ಊರು ಔರಾದ ತಾಲೂಕಿನ ಒಂದು ಸಣ್ಣ ವಾಡಿ. ತಂದೆ ಧೊಂಡಿಬಾ, ತಾಯಿ ಲಲಿತಾಬಾಯಿ. ತಲೆತಲಾಂತರದಿಂದ ಕುರಿ ಕಾಯುವ ಮನೆತನ, ಜೊತೆಗೆ ಮಳೆ ನಂಬಿದ ನಾಲ್ಕು ಎಕರೆ. ಕಾಶೀನಾಥ ಒಬ್ಬನೇ ಮಗ. ಭಾಲ್ಕಿಯಲ್ಲಿ ಬಿ.ಎ. ಓದುವಾಗ ಬಸ್ಸಿನಲ್ಲಿ ಪಕ್ಕದ ಸೀಟಿನವರು ಮೂಗಿಗೆ ಕರವಸ್ತ್ರ ಹಿಡಿದದ್ದನ್ನು ಕಂಡು ದಿನಕ್ಕೆರಡು ಸಲ ಸಾಬೂನು ಹಚ್ಚಿ ಮೈ ತಿಕ್ಕಿಕೊಳ್ಳುತ್ತಿದ್ದನಂತೆ. ಈ ಜನ್ಮದಲ್ಲಿ ಇನ್ನು ಕುರಿಯ ಕಾಲು ಹಿಡಿಯುವುದಿಲ್ಲ ಎಂದು ಆಗಲೇ ನಿರ್ಧರಿಸಿಬಿಟ್ಟಿದ್ದ. ಓದು ಮುಗಿದ ಮೇಲೆ ನೌಕರಿ ಸಿಗದೆ ಗಾಂಧಿ ಗಂಜಿನ ಮಾರುಕಟ್ಟೆಯಲ್ಲಿ ತೊಗರಿ, ಕಡಲೆ ಚೀಲ ಸಾಗಿಸುವ ಗೂಡ್ಸ್ ಆಟೋ ಓಡಿಸಿಕೊಂಡಿದ್ದ. ಸಿದ್ದೇಶ್ವರಿ ಬೇಳೆ ಮಿಲ್ಲಿನಲ್ಲಿ ಕಾಳು ಹಸನು ಮಾಡುವ ಕೆಲಸಕ್ಕೆ ಹೋಗುತ್ತಿದ್ದಳು.

ಸಂಜುಕುಮಾರ ಇವರದೇ ಜನ, ದೂರದ ಸಂಬಂಧಿ, ಭಾಲ್ಕಿಯವನು. ಗಂಜಿನ ಹತ್ತಿರ ಒಂದು ಅಂಗಡಿಯ ಮಾಳಿಗೆಯ ಮೇಲೆ ವಿದೇಶಿ ನೌಕರಿಯ ಬೋರ್ಡು ಹಾಕಿಕೊಂಡು ಕೂತಿದ್ದ. ಹುಡುಗರನ್ನು ದುಬೈಗೆ, ಕತಾರಿಗೆ ಕಳಿಸುವುದು ಅವನ ದಂಧೆ. ಅಮೆರಿಕದ್ದು ಹೊಸದು. ಒಂದು ದಿನ ಕಾಶೀನಾಥನನ್ನು ಕರೆದು ಫೋನಿನಲ್ಲಿ ಫೋಟೋ ತೋರಿಸಿದ. ಕೆಂಪು ಬಣ್ಣದ ದೊಡ್ಡ ಕೊಟ್ಟಿಗೆ, ಗಾಜಿನ ಕೋಣೆಯುಳ್ಳ ಎಸಿ ಟ್ರಾಕ್ಟರು, ಅದರೊಳಗೆ ಟೋಪಿ ಹಾಕಿಕೊಂಡು ನಗುತ್ತಿರುವ ಬಿಳಿಯ. ಫಾರ್ಮಿಗೆ ಸುಪರವೈಸರ್ ಬೇಕಂತೆ, ಕುರಿ ಮನೆತನದವರಾದರೆ ಕೂಡಲೇ ತೆಗೆದುಕೊಳ್ಳುತ್ತಾರಂತೆ, ಕೆಲಸವೆಲ್ಲ ಮಷೀನು ಮಾಡುತ್ತದಂತೆ, ನೀನು ನೋಡಿಕೊಂಡಿದ್ದರೆ ಸಾಕಂತೆ. ಇರುವುದಕ್ಕೆ ಎರಡು ಕೋಣೆಯ ಮನೆ. ಮೂರು ವರ್ಷ ಮುಗಿಸಿದರೆ ಹೆಂಡತಿ ಮಕ್ಕಳನ್ನೂ ಕರೆಸಿಕೊಳ್ಳಬಹುದು.

ಆಯ್ಕೆಗೆ ವಿಡಿಯೋ ಕರೆ ಇತ್ತು. ಅದಕ್ಕಾಗಿ ಕಾಶೀನಾಥ ವಾಡಿಗೆ ಹೋಗಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಂದೆಯ ಹಿಂಡಿನ ನಡುವೆ ನಿಂತ. ಕುರಿ ಹಿಡಿದು ತೋರಿಸು ಎಂದರು. ಹಿಂಗಾಲಿಗೆ ಕೈಹಾಕಿ ಒಂದೇ ಏಟಿಗೆ ಕೆಡವಿದ. ಗೊರಸು ಕೆತ್ತಿ ತೋರಿಸಿದ, ಹಲ್ಲು ನೋಡಿ ವಯಸ್ಸು ಹೇಳಿದ. ಆ ಕಡೆಯ ಬಿಳಿಯನು ಹೆಬ್ಬೆರಳು ಎತ್ತಿದ. ಬಿ.ಎ. ಸರ್ಟಿಫಿಕೇಟನ್ನು ಕಾಶೀನಾಥ ಜೇಬಿನಲ್ಲಿ ಇಟ್ಟುಕೊಂಡೇ ನಿಂತಿದ್ದ, ಯಾರೂ ಕೇಳಲಿಲ್ಲ. ಸುಪರವೈಸರನಿಗೆ ಇಷ್ಟೊಂದು ಕುರಿವಿದ್ಯೆ ಯಾಕೆ ಬೇಕು ಎಂದು ಅವನೂ ಯೋಚಿಸಲಿಲ್ಲ, ನಾನೂ ಯೋಚಿಸಲಿಲ್ಲ. ಅಮೆರಿಕ ಎಂಬ ಶಬ್ದ ಕಿವಿಗೆ ಬಿದ್ದರೆ ಕಲಿತವರ ತಲೆಯೂ ಅರ್ಧ ನಿಲ್ಲುತ್ತದೆ.

ಹೊರಡುವ ದಿನ ಧೊಂಡಿಬಾ ತಲೆಗೆ ಹೊಸ ಪಟಗ ಸುತ್ತಿಕೊಂಡು ಬಂದಿದ್ದ. ವಾಡಿಯವರು ಜೀಪು ಮಾಡಿಕೊಂಡು ಬಂದು ಹಾರ ಹಾಕಿದರು. ಲಲಿತಾಬಾಯಿ ಮಾತ್ರ ಮಗನ ಕೆನ್ನೆ ಸವರಿ, ಅಲ್ಲಿ ಜೋಳದ ರೊಟ್ಟಿ ಸಿಗುತ್ತದೋ ಇಲ್ಲವೋ ಎಂದು ಮೂರು ಸಲ ಕೇಳಿದಳು. ಮಗ ಹೋದ ಮೇಲೆ ಸೊಸೆಗೆ ಆಸರೆಯಾಗಿರಲಿ ಎಂದು ಅವಳು ಮೈಲೂರಿಗೇ ಬಂದು ಉಳಿದಳು. ಧೊಂಡಿಬಾ ಕುರಿಗಳೊಂದಿಗೆ ವಾಡಿಯಲ್ಲಿ ಉಳಿದ.

ಇನ್ನು ಅಮೆರಿಕದ ಕಥೆ. ಇದನ್ನು ಅವನು ತಿರುಗಿ ಬಂದ ಮೇಲೆ, ತಿಂಗಳುಗಟ್ಟಲೆ, ನನ್ನ ಕಟ್ಟೆಯ ಮೇಲೆ ಕೂತು ತುಣುಕು ತುಣುಕಾಗಿ ನನಗೊಬ್ಬಳಿಗೇ ಹೇಳಿದ.

ವಿಮಾನ ಇಳಿದವನನ್ನು ಒಬ್ಬ ಪಿಕಪ್ ಗಾಡಿಯಲ್ಲಿ ಕೂರಿಸಿಕೊಂಡು ಏಳು ತಾಸು ಓಡಿಸಿದ. ಊರುಗಳು ಮುಗಿದವು, ಮನೆಗಳು ಮುಗಿದವು, ಕೊನೆಗೆ ರಸ್ತೆಯೂ ಮುಗಿಯಿತು. ವಯೋಮಿಂಗ್ ಎಂಬ ರಾಜ್ಯದ ಬೋಳುಗುಡ್ಡದ ಮೇಲೆ ಒಂದು ತಗಡಿನ ಬಂಡಿ ನಿಂತಿತ್ತು. ಬಂಡಿಯೊಳಗೆ ಒಂದು ಹಾಸಿಗೆ, ಒಂದು ಒಲೆ, ಕೈಯಗಲದ ಕಿಟಕಿ. ಹೊರಗೆ ಮೂರು ನಾಯಿ. ಗುಡ್ಡದ ತುಂಬ ಸಾವಿರದ ಇನ್ನೂರು ಕುರಿ. ಪಿಕಪ್ಪಿನವನು ನೀರಿನ ಡ್ರಮ್ಮು, ಹಿಟ್ಟಿನ ಚೀಲ, ಡಬ್ಬಿಗಳನ್ನು ಇಳಿಸಿ, ಪಾಸ್‌ಪೋರ್ಟು ಇಸಿದುಕೊಂಡು, ಹತ್ತು ದಿನಕ್ಕೆ ಬರುತ್ತೇನೆ ಎಂದು ಹೊರಟುಹೋದ. ಕುರಿಯ ವಾಸನೆಯಿಂದ ತಪ್ಪಿಸಿಕೊಳ್ಳಲು ಅರ್ಧ ಭೂಮಿ ಸುತ್ತಿ ಹೋದವನು ತನ್ನ ತಂದೆ ಜನ್ಮದಲ್ಲಿ ಕಾಣದಷ್ಟು ಕುರಿಗಳ ನಡುವೆ ಒಬ್ಬನೇ ನಿಂತಿದ್ದ.

ಮೂರು ವರ್ಷದಲ್ಲಿ ಅವನು ಕಂಡ ಅಮೆರಿಕ ಅಷ್ಟೇ. ಅವನು ನೋಡಿದ ಅತಿ ಎತ್ತರದ ಕಟ್ಟಡ ನೀರೆತ್ತುವ ಗಾಳಿಯಂತ್ರದ ಕಂಬ. ಚಳಿಗಾಲದಲ್ಲಿ ಹಿಮ ಬಂಡಿಯ ಬಾಗಿಲು ಮುಚ್ಚಿದರೆ ಒಳಗಿನಿಂದ ಒದ್ದು ತೆಗೆಯಬೇಕು. ಕುರಿ ಒಯ್ಯಲು ತೋಳದಂಥ ನರಿಗಳು ಬರುತ್ತಿದ್ದವು. ಕಣಿವೆಯ ಆಚೆ ಪೆರು ದೇಶದ ಇನ್ನೊಬ್ಬ ಕುರಿಗಾಹಿ ಇದ್ದ. ಎರಡು ತಿಂಗಳಿಗೊಮ್ಮೆ ಅವನ ಭೇಟಿ. ಹೀಗಾಗಿ ನಮ್ಮ ಕಾಶೀನಾಥ ಅಮೆರಿಕದಲ್ಲಿ ಕಲಿತದ್ದು ಇಂಗ್ಲಿಷಲ್ಲ, ಅರೆಬರೆ ಸ್ಪ್ಯಾನಿಷ್. ಆ ಪಿಕಪ್ಪಿನವನೇ ಯಜಮಾನ. ಅವನು ಹೊಡೆಯಲಿಲ್ಲ, ಬಯ್ಯಲಿಲ್ಲ, ಹೆಸರು ಹಿಡಿದು ಕರೆಯಲೂ ಇಲ್ಲ. ಹತ್ತು ದಿನಕ್ಕೊಮ್ಮೆ ಬಂದು ಮೊದಲು ಕುರಿ ಎಣಿಸುತ್ತಿದ್ದ, ಆಮೇಲೆ ನಾಯಿಗಳನ್ನು ಮಾತಾಡಿಸುತ್ತಿದ್ದ.

ಫೋನಿಗೆ ಸಿಗ್ನಲ್ ಸಿಗಬೇಕಾದರೆ ಒಂದು ದಿಬ್ಬ ಹತ್ತಬೇಕು. ಹದಿನೈದು ದಿನಕ್ಕೊಮ್ಮೆ ಹತ್ತುತ್ತಿದ್ದ. ಹತ್ತಿ ಏನು ಹೇಳುತ್ತಿದ್ದ ಗೊತ್ತೇ? ಸುಪರವೈಸರ್ ಕೆಲಸ ಚೆನ್ನಾಗಿದೆ, ಟ್ರಾಕ್ಟರಿನಲ್ಲಿ ಎಸಿ ಇದೆ, ಎರಡು ಕೋಣೆಯ ಮನೆಯಲ್ಲಿ ಬಿಸಿನೀರು ನಲ್ಲಿಯಲ್ಲೇ ಬರುತ್ತದೆ. ಯಜಮಾನನ ಪಿಕಪ್ಪಿಗೆ ಒರಗಿ ನಿಂತು ಫೋಟೋ ಕಳಿಸಿದ. ಧೊಂಡಿಬಾ ಅದನ್ನು ಭಾಲ್ಕಿಯಲ್ಲಿ ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದ. ಸುಳ್ಳು ಯಾಕೆ ಹೇಳಿದೆಯೋ ಎಂದು ನಾನು ಗದರಿದಾಗ ಕಾಶೀನಾಥ ತಲೆ ಎತ್ತಲಿಲ್ಲ. ಹಾರ ಹಾಕಿಸಿಕೊಂಡು ಹೋಗಿದ್ದೆನಲ್ಲ ಎಂದ.

ಅವನು ಹೋದ ಎರಡನೆಯ ವರ್ಷ, ಶ್ರಾವಣದಲ್ಲಿ, ಲಲಿತಾಬಾಯಿ ಜ್ವರ ಬಂದು ಮಲಗಿದಳು. ಐದನೆಯ ದಿನ ನಮ್ಮ ಹಿತ್ತಿಲ ಕೋಣೆಯಲ್ಲೇ ಹೋಗಿಬಿಟ್ಟಳು. ಅವಳ ಬಾಯಿಗೆ ಕೊನೆಯ ನೀರು ಬಿಟ್ಟವಳು ನಾನೇ. ವಾಡಿಗೆ ಒಯ್ದು, ತಮ್ಮ ಹೊಲದ ಬದುವಿನಲ್ಲಿ ಮಣ್ಣು ಮಾಡಿದರು. ಹದಿಮೂರು ದಿನ ಮುಗಿಸಿ ಬಂದ ಸಿದ್ದೇಶ್ವರಿ ನನ್ನ ಕೈ ಹಿಡಿದು, ಅವರಿಗೆ ತಿಳಿಸುವ ಹಾಗಿಲ್ಲ, ಮೈಲಾರ ಮಲ್ಲಣ್ಣನ ಭಂಡಾರದ ಅರಿಶಿನ ಮುಟ್ಟಿಸಿ ಆಣೆ ಹಾಕಿಸಿದ್ದಾರೆ ಎಂದಳು. ಯಾರು ಎಂದು ಕೇಳಿದರೆ ಬಾಯಿ ಬಿಡಲಿಲ್ಲ. ಅದೇ ವಾರ ಸಂಜುಕುಮಾರ ಎರಡು ಸಲ ಬಂದು ಅವಳ ಹತ್ತಿರ ಗುಸುಗುಸು ಮಾತಾಡಿ ಹೋಗಿದ್ದ. ಹುಡುಗ ಅರ್ಧಕ್ಕೆ ಬಂದರೆ ಇವನ ದಂಧೆಗೆ ಕೆಟ್ಟ ಹೆಸರು, ಅದಕ್ಕೇ ಈ ಆಣೆ ಎಂದು ನಾನು ಲೆಕ್ಕ ಹಾಕಿದೆ. ಅವನನ್ನು ಮನಸ್ಸಿನಲ್ಲೇ ಶಪಿಸಿದೆ. ಶಪಿಸಿದೆನೇ ಹೊರತು ನಾನೂ ಬಾಯಿ ಬಿಡಲಿಲ್ಲ. ಅವರ ಮನೆಯ ಆಣೆಗೆ ನಾನು ಯಾಕೆ ಅಡ್ಡ ಹೋಗಲಿ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಆಮೇಲೆ ನಡೆದದ್ದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಅವ್ವನಿಗೆ ಫೋನು ಕೊಡು ಎಂದು ಅವನು ಕೇಳಿದಾಗಲೆಲ್ಲ ಒಂದೊಂದು ನೆಪ. ಪಂಢರಪುರಕ್ಕೆ ಹೋಗಿದ್ದಾಳೆ, ಉದಗೀರಿನ ತಂಗಿಯ ಮನೆಗೆ ಹೋಗಿದ್ದಾಳೆ. ಆರು ವರ್ಷದ ಮಾಯಾಳಿಗೂ ಅಜ್ಜಿ ಮಲಗಿದ್ದಾಳೆ ಎಂದು ಹೇಳಲು ಕಲಿಸಿದರು. ನೆಪಗಳು ಮುಗಿದ ಮೇಲೆ, ಅವಳಿಗೆ ಕಿವಿ ಪೂರ್ತಿ ಕೇಳಿಸುತ್ತಿಲ್ಲ, ಫೋನಿನಲ್ಲಿ ಮಾತು ತಿಳಿಯುವುದಿಲ್ಲ ಎಂದಳು ಸಿದ್ದೇಶ್ವರಿ. ಕೇಳಿಸದಿದ್ದರೂ ಪರವಾಗಿಲ್ಲ, ಅವಳ ಕಿವಿಗೆ ಹಿಡಿ, ನಾನು ಮಾತಾಡುತ್ತೇನೆ ಎಂದ ಅವನು. ಅಂದು ನಾನು ಒಣಹಾಕಿದ ಹಪ್ಪಳ ಎತ್ತಲು ಹಿತ್ತಿಲಿಗೆ ಹೋಗಿದ್ದೆ. ಸಿದ್ದೇಶ್ವರಿ ಫೋನನ್ನು ಹಾಸಿಗೆಯ ಮೇಲಿನ ಕೌದಿಗೆ ಒತ್ತಿ ಹಿಡಿದುಕೊಂಡು, ಮುಖ ಆ ಕಡೆ ತಿರುಗಿಸಿ ಅಳುತ್ತಿದ್ದಳು. ಹತ್ತು ನಿಮಿಷ ಹಾಗೇ ಹಿಡಿದಿದ್ದಳು. ಅಂದಿನಿಂದ ಅವನು ತಿರುಗಿ ಬರುವವರೆಗೂ, ಹದಿನೈದು ದಿನಕ್ಕೊಮ್ಮೆ, ಆ ಕೌದಿ ಫೋನು ಕೇಳಿತು.

ಮೂರು ವರ್ಷ ಮುಗಿದಾಗ ಯಜಮಾನ ಇನ್ನೂ ಮೂರು ವರ್ಷ ಇರು ಎಂದನಂತೆ. ಕಾಶೀನಾಥ ಒಲ್ಲೆ ಎಂದು, ಹೇಳಿದ ದಿನಕ್ಕಿಂತ ಹತ್ತು ದಿನ ಮೊದಲೇ, ಯಾರಿಗೂ ತಿಳಿಸದೆ ಬಂದುಬಿಟ್ಟ. ಅವನು ಬರುವ ಮುನ್ನ ಹೈದರಾಬಾದಿಗೆ ಹೋಗಿ, ವಿಮಾನ ನಿಲ್ದಾಣದಲ್ಲೇ ಮೆಲ್ಲಗೆ ವಿಷಯ ತಿಳಿಸಬೇಕು ಎಂದು ಮನೆಯವರು ಮಾಡಿಕೊಂಡಿದ್ದ ಯೋಜನೆ ಕೆಟ್ಟಿತು. ಬೀದರ ಬಸ್ ನಿಲ್ದಾಣದಲ್ಲಿ ಅವನನ್ನು ಮೊದಲು ಕಂಡವನು ಮಕ್ಬೂಲ, ಗಂಜಿನಲ್ಲಿ ಇವನ ಜೊತೆ ಗೂಡ್ಸ್ ಆಟೋ ಓಡಿಸುತ್ತಿದ್ದ ಗೆಳೆಯ. ಅಪ್ಪಿಕೊಂಡು, ಸೂಟ್‌ಕೇಸು ಆಟೋದಲ್ಲಿಟ್ಟು, ಅವ್ವನ ಸುದ್ದಿ ಕೇಳಿ ತುಂಬ ಕೆಟ್ಟದೆನಿಸಿತು, ಮಣ್ಣಿಗೆ ನಾನೂ ಹೋಗಿದ್ದೆ ಎಂದನಂತೆ. ಗೊತ್ತಿಲ್ಲದ ಮಕ್ಬೂಲನದೇನೂ ತಪ್ಪಿಲ್ಲ. ನಮ್ಮ ಗೇಟಿನ ಮುಂದೆ ಆಟೋ ನಿಂತಾಗ ಕಾಶೀನಾಥ ಇಳಿಯಲೇ ಇಲ್ಲ. ಸಿದ್ದೇಶ್ವರಿ ಹೊರಗೆ ಓಡಿ ಬಂದವಳು ಅವನ ಮುಖ ನೋಡಿ ಅಲ್ಲೇ ಕುಸಿದು ಕೂತಳು. ತಾಯಿ ಸತ್ತು ಹದಿನಾಲ್ಕು ತಿಂಗಳಾಗಿತ್ತು.

ಅಂದು ಸಂಜೆಯೇ ಅವನು ವಾಡಿಗೆ ಹೋಗಿ ಬದುವಿನ ಮೇಲೆ ಕೂತ. ಮೂರು ದಿನ ಅಲ್ಲೇ ಇದ್ದ. ನಾಲ್ಕನೆಯ ದಿನ ತಂದೆಯ ಜೊತೆ ಮೈಲೂರಿಗೆ ಬಂದು ನನ್ನನ್ನು ಒಂದೇ ಪ್ರಶ್ನೆ ಕೇಳಿದ, ಇದನ್ನು ಮುಚ್ಚಿಡಿಸಿದವನು ಸಂಜುಕುಮಾರನೇ ಅಲ್ಲವೇ ಎಂದು. ಮತ್ತಾರು ಎಂದೆ ನಾನು. ಧೊಂಡಿಬಾ ಅಲ್ಲೇ ಕೂತಿದ್ದ. ಸಿದ್ದೇಶ್ವರಿ ಅಕ್ಕಿ ಆರಿಸುತ್ತಿದ್ದಳು. ಇಬ್ಬರೂ ಹೌದು ಅನ್ನಲಿಲ್ಲ, ಅಲ್ಲ ಎಂದೂ ಅನ್ನಲಿಲ್ಲ. ಆ ಮೌನವನ್ನು ನಾನು ದುಃಖ ಎಂದುಕೊಂಡೆ.

ಕಾಶೀನಾಥ ಹೊಡೆದಾಡುವವನಲ್ಲ, ಕೋರ್ಟು ಕಚೇರಿ ಹತ್ತುವವನೂ ಅಲ್ಲ. ಗೂಡ್ಸ್ ಆಟೋ ಮುಟ್ಟಲೇ ಇಲ್ಲ. ತಂದೆಯ ಹಿಂಡು ಹಿಡಿದ. ಅಮೆರಿಕದಲ್ಲಿ ಸುಪರವೈಸರ್ ಆಗಿದ್ದವ ಹೆಗಲಿಗೆ ಕಂಬಳಿ ಹಾಕಿಕೊಂಡನಲ್ಲ ಎಂದು ವಾಡಿಯವರು ನಕ್ಕರು. ಅವ್ವ ಇಲ್ಲದ ಮೇಲೆ ಅಪ್ಪನ ಜೊತೆ ಇರಬೇಕು ಅನಿಸಿತು ಎಂದು ಹೇಳಿಕೊಂಡ. ನನಗೆ ಮಾತ್ರ ನಿಜ ಹೇಳಿದ.

ನಮ್ಮ ಕಡೆ ಬೇಸಿಗೆಯಲ್ಲಿ ಖಾಲಿ ಹೊಲಗಳಲ್ಲಿ ಕುರಿ ತರುಬುವ ಪದ್ಧತಿ ಉಂಟು. ಹೊಲದವರು ಕುರಿಗಾಹಿಗಳನ್ನು ಕರೆದು, ಕಾಳು ಕಡಿ ಕೊಟ್ಟು, ಕೆಲವು ರಾತ್ರಿ ಹಿಂಡನ್ನು ತಮ್ಮ ಹೊಲದಲ್ಲಿ ಮಲಗಿಸಿಕೊಳ್ಳುತ್ತಾರೆ. ಹಿಕ್ಕೆ, ಗಂಜಲ ಬಿದ್ದ ಮಣ್ಣಿಗೆ ಎರಡು ವರ್ಷ ಬೇರೆ ಗೊಬ್ಬರ ಬೇಡ. ಕುರಿ ಎಲ್ಲಿ ಮಲಗಬೇಕು ಎಂಬುದು ಹೊಲದವನ ಮಾತು. ಅದು ಹಗಲಲ್ಲಿ ಏನು ತಿಂದು ಬಂದಿದೆ ಎಂಬುದು ಕುರಿಗಾಹಿಗೆ ಮಾತ್ರ ಗೊತ್ತು. ಬಳ್ಳಾರಿ ಜಾಲಿಯ ಕಾಯಿ ಬೆಲ್ಲದಷ್ಟು ಸಿಹಿ, ಕುರಿಗಳು ಬಿಟ್ಟೂಬಿಡದೆ ತಿನ್ನುತ್ತವೆ. ಆದರೆ ಅದರ ಬೀಜ ಹೊಟ್ಟೆಯಲ್ಲಿ ಕರಗುವುದಿಲ್ಲ, ಹಿಕ್ಕೆಯ ಜೊತೆ ಹಾಗೇ ಬೀಳುತ್ತದೆ. ಅದಕ್ಕೇ ಮರ್ಯಾದೆಯುಳ್ಳ ಕುರಿಗಾಹಿ ಜಾಲಿಕಾಯಿ ಉದುರುವ ದಿನಗಳಲ್ಲಿ ಹಿಂಡನ್ನು ಜಾಲಿಯ ಹತ್ತಿರ ಬಿಡದೆ, ಎರಡು ಮೂರು ದಿನ ಬರೀ ಹುಲ್ಲು ಮೇಯಿಸಿದ ಮೇಲೇ ಇನ್ನೊಬ್ಬರ ಹೊಲಕ್ಕೆ ಇಳಿಸುತ್ತಾನೆ. ಇದು ಅವರಲ್ಲಿ ಯಾರೂ ಬರೆದಿಡದ, ಯಾರೂ ಮುರಿಯದ ನೇಮ.

ಕಾಶೀನಾಥ ಮುರಿಯುವುದೆಂದು ನಿಶ್ಚಯಿಸಿದ. ಮೊದಲು ಸಂಜುಕುಮಾರನ ಮಾಳಿಗೆ ಹತ್ತಿ ಚಹಾ ಕುಡಿದು ಬಂದ. ಆದದ್ದು ಆಯಿತು, ಹಣೆಯಲ್ಲಿ ಬರೆದಿತ್ತು ಎಂದನಂತೆ. ಬಯ್ಯಿಸಿಕೊಳ್ಳಲು ತಯಾರಾಗಿದ್ದ ಸಂಜುಕುಮಾರನಿಗೆ ಹೋದ ಜೀವ ಬಂದಂತಾಯಿತು. ಭಾಲ್ಕಿಯ ರಸ್ತೆ ಬದಿಗೆ ಅವನದು ಎಂಟು ಎಕರೆ ಕರಿಮಣ್ಣಿನ ಹೊಲ. ಈ ಸಲ ಬೇಸಿಗೆಗೆ ನಿನ್ನ ಹಿಂಡು ನನ್ನ ಹೊಲದಲ್ಲೇ ತರುಬು ಎಂದು ಅವನೇ ಬಾಯಿಬಿಟ್ಟು ಕೇಳಿದ. ಕಾಶೀನಾಥ ಮನೆಗೆ ಬಂದು ಇದನ್ನು ನನಗೆ ಹೇಳಿದ. ಇವತ್ತು ಅವನ ಚಹಾ ಕುಡಿದ ನಾಲಿಗೆಯನ್ನು ಕಿತ್ತು ಎಸೆಯಬೇಕು ಅನಿಸುತ್ತದೆ ಎಂದ. ಮಳೆ ಬರುವ ತನಕ ತಡೆದುಕೋ ಎಂದೆ ನಾನು. ಹೌದು, ನಾನೇ ಅಂದೆ.

ಏಪ್ರಿಲ್ ಕೊನೆಗೆ ಬಂಧುಗಳ ಹಿಂಡುಗಳನ್ನೂ ಸೇರಿಸಿಕೊಂಡು ಮುನ್ನೂರು ಕುರಿ ಮಾಡಿಕೊಂಡು ಅವನು ಭಾಲ್ಕಿಗೆ ಇಳಿದ. ಹಗಲೆಲ್ಲ ಮಾಂಜ್ರಾ ನದಿಯ ದಂಡೆಯ ಜಾಲಿ ಪೊದೆಗಳಲ್ಲಿ ಹಿಂಡನ್ನು ಬಿಟ್ಟ. ಉದುರಿದ್ದು ಸಾಲದೆ, ಉದ್ದನೆಯ ಕೊಕ್ಕೆಯಿಂದ ಕೊಂಬೆ ಅಲುಗಿಸಿ ಕಾಯಿ ಕೆಡವಿದ. ಸಂಜೆ ಹೊಟ್ಟೆ ಬಿರಿಯ ತಿಂದ ಕುರಿಗಳನ್ನು ಸಂಜುಕುಮಾರನ ಹೊಲಕ್ಕೆ ಹೊಡೆಯುತ್ತಿದ್ದ. ಎರಡೆರಡು ರಾತ್ರಿಗೆ ಹಿಂಡಿನ ಸುತ್ತ ಕಟ್ಟಿದ ಬಲೆ ಕಿತ್ತು ಮುಂದಕ್ಕೆ ಸರಿಸುತ್ತಿದ್ದ, ಒಂದು ಮೂಲೆಯೂ ತಪ್ಪಬಾರದು ಎಂದು. ಹದಿನಾರು ದಿನ ಹೀಗೆ ನಡೆಯಿತು. ಧೊಂಡಿಬಾ ಜೊತೆಗೇ ಇದ್ದ. ಎಪ್ಪತ್ತು ದಾಟಿದ ಮುದುಕ ಬೇಡ ಅನ್ನಲಿಲ್ಲ, ಯಾಕೆ ಅನ್ನಲಿಲ್ಲ. ಧೋತರದ ಮಡಿಲಿನಲ್ಲಿ ಜಾಲಿಕಾಯಿ ಆರಿಸಿ ತಂದು ಕುರಿಗಳ ಮುಂದೆ ಸುರಿಯುತ್ತಿದ್ದನಂತೆ. ಅಪ್ಪನಿಗೂ ನನ್ನಷ್ಟೇ ಸಿಟ್ಟಿದೆ ಟೀಚರ್ ಎಂದು ಕಾಶೀನಾಥ ಹೇಳಿದಾಗ ನನಗೆ ಆ ಮುದುಕನ ಮೇಲೆ ಅಭಿಮಾನ ಬಂತು.

ಸಂಜುಕುಮಾರ ಮೋಟಾರ್ ಸೈಕಲ್ ಮೇಲೆ ಬಂದು ಹಿಕ್ಕೆ ಬಿದ್ದ ಹೊಲ ನೋಡಿ ಹಿಗ್ಗಿದ. ಅಮೆರಿಕ ರಿಟರ್ನ್ ಗೊಬ್ಬರ ಎಂದು ಗಂಜಿನಲ್ಲಿ ತಮಾಷೆ ಮಾಡಿಕೊಂಡು ತಿರುಗಿದ. ಜೂನಿನಲ್ಲಿ ಮಳೆ ಚೆನ್ನಾಗಿ ಬಿತ್ತು. ಅವನು ಸೋಯಾ ಬಿತ್ತಿದ. ಸೋಯಾ ಜೊತೆ ಜಾಲಿಯೂ ಎದ್ದಿತು. ಕುಂಟೆ ಹೊಡೆಸಿದ, ಹದಿನೈದು ದಿನಕ್ಕೆ ಮತ್ತೆ ಎದ್ದಿತು. ಔಷಧ ಹೊಡೆಸಿದರೆ ಸೋಯಾ ಬಾಡಿತು, ಜಾಲಿ ಬಾಡಲಿಲ್ಲ. ಕಳೆ ಕೀಳಲು ಬಂದ ಹೆಂಗಸರು ಮುಳ್ಳು ಚುಚ್ಚಿಸಿಕೊಂಡು ಅರ್ಧ ದಿನಕ್ಕೇ ಕುಡುಗೋಲು ಎಸೆದು ಹೋದರು. ನೆಲದಲ್ಲಿ ಉಳಿದ ಬೀಜ ಇನ್ನೂ ಹತ್ತು ಮಳೆಗಾಲ ಮೊಳೆಯುತ್ತದೆ ಎಂದು ಯಾರೋ ಅವನಿಗೆ ಹೇಳಿದರಂತೆ. ನಾನು ಹುಗ್ಗಿ ಮಾಡಿದ್ದು ಆ ದಿನವೇ.

ಹುಗ್ಗಿ ಉಂಡು ಇನ್ನೂ ಕೈ ತೊಳೆದಿರಲಿಲ್ಲ, ಸಂಜುಕುಮಾರ ಗೇಟು ತಳ್ಳಿಕೊಂಡು ಒಳಗೆ ಬಂದ. ಕಟ್ಟೆಯ ಮೇಲೆ ಕಾಶೀನಾಥ, ಧೊಂಡಿಬಾ ಇಬ್ಬರೂ ಇದ್ದರು. ಸಿದ್ದೇಶ್ವರಿ ಬಾಗಿಲಲ್ಲಿ ನಿಂತಿದ್ದಳು. ಅವನು ಚೀಲದಿಂದ ಬೇರುಸಹಿತ ಕಿತ್ತ ಜಾಲಿ ಸಸಿಗಳನ್ನು ಕಟ್ಟೆಯ ಮೇಲೆ ಸುರಿದ. ನಮ್ಮ ಜನ ಮಾಡುವ ಕೆಲಸವೇ ಇದು ಎಂದು ಕೇಳಿದ. ಕಾಶೀನಾಥ ಎದ್ದು ನಿಂತ. ಅಷ್ಟು ದಿನ ನನಗೊಬ್ಬಳಿಗೇ ಹೇಳಿದ್ದನ್ನೆಲ್ಲ ಅವನ ಮುಖದ ಮೇಲೆ ಉಗುಳಿದ. ಸುಪರವೈಸರ್ ಎಂದು ಕಳಿಸಿ ತಗಡಿನ ಬಂಡಿಯಲ್ಲಿ ಹಾಕಿದೆ, ಎರಡು ಕೋಣೆಯ ಮನೆ ಎಂದೆ, ಮೂರು ವರ್ಷ ನಾಯಿಗಳ ಜೊತೆ ಡಬ್ಬಿಯ ಅನ್ನ ತಿಂದೆ, ಸಾವಿರದ ಇನ್ನೂರು ಕುರಿಗಳ ಹಿಂದೆ ಹಿಮದಲ್ಲಿ ಕಾಲು ಮರಗಟ್ಟಿ ಎರಡು ಬೆರಳು ಕಳೆದುಕೊಂಡೆ ಎಂದು ಚಪ್ಪಲಿ ಬಿಟ್ಟು ಕಾಲು ತೋರಿಸಿದ. ಆ ಬೆರಳಿನ ಸಂಗತಿ ನನಗೂ ಗೊತ್ತಿರಲಿಲ್ಲ.

"ಅದೆಲ್ಲಾ ತಡಕೊಂಡಿದ್ದೆ," ಎಂದ ಕಾಶೀನಾಥ. "ನಮ್ಮವ್ವ ಸತ್ತದ್ದು ಮುಚ್ಚಿಟ್ಟೆಲ್ಲಾ, ಅದಕ್ಕ ನಿನ್ನ ಹೊಲದಾಗ ಮುಳ್ಳು ಹುಟ್ಟ್ಯಾವ. ನೀ ಸಾಯೂತನಕಾ ಕೀಳು."

ಸಂಜುಕುಮಾರ ಸಿಟ್ಟಿನಲ್ಲಿ ಬಂದವನು ಒಮ್ಮೆಲೇ ತಣ್ಣಗಾದ. ಕಾಶೀನಾಥನನ್ನು ನೋಡಲಿಲ್ಲ. ಧೊಂಡಿಬಾನನ್ನು ನೋಡಿದ.

"ನೌಕರಿ ವಿಷಯ ಸುಳ್ಳು ಹೇಳೀನಿ, ಅದು ನಂದೇ ತಪ್ಪು," ಎಂದ. "ಆದರ ಅವ್ವನ ಸುದ್ದಿ ತಿಳಿಸ್ಬ್ಯಾಡ ಅಂದವ ನಾ ಅಲ್ಲಪಾ. ತಿಳಿಸ್ರಿ, ನಾ ಟಿಕೆಟ್ ಮಾಡಸ್ತೇನಿ ಅಂತ ಹೇಳಾಕ ಎರಡು ಸರ್ತಿ ಬಂದಿದ್ದೆ. ನಿಮ್ಮಪ್ಪಗ ಕೇಳು."

ನಾನು ಸಿದ್ದೇಶ್ವರಿಯ ಕಡೆ ನೋಡಿದೆ. ಅವಳು ಸೆರಗು ಬಾಯಿಗೆ ತುರುಕಿಕೊಂಡಿದ್ದಳು. ಆಣೆ ಹಾಕಿಸಿದವರು ಯಾರು ಎಂದು ನನಗೆ ಆಗ ತಿಳಿಯಿತು. ಎರಡು ವರ್ಷ ನಾನು ಶಪಿಸಿದ್ದು ಬೇರೆಯವನನ್ನು.

ಧೊಂಡಿಬಾ ಮಗನ ಕಾಲನ್ನೇ ನೋಡುತ್ತಿದ್ದ. ಬೆರಳಿಲ್ಲದ ಆ ಜಾಗದಿಂದ ಕಣ್ಣು ಎತ್ತದೆಯೇ ಮಾತಾಡಿದ.

"ನಾನೇ ಬ್ಯಾಡಂದೆ. ನೀನೇ ಹೇಳ್ತಿದ್ದಿ, ಎಸಿ ಟ್ರಾಕ್ಟರ್ ಅದಾ, ಎರಡು ಖೋಲಿ ಮನಿ ಅದಾ, ನಳದಾಗ ಬಿಸಿನೀರು ಬರ್ತಾವ ಅಂತ. ಅಂಥಾ ನೌಕರಿ ಬಿಟ್ಟು ಬಾ ಅಂತ ಹ್ಯಾಂಗ ಅನ್ನಲಿ? ಒಮ್ಮೆ ಬಂದ್ರ ತಿರುಗಿ ಹೋಗ್ತಿರಲಿಲ್ಲ ನೀ. ನಿಮ್ಮವ್ವ ಹೋಗೇ ಬಿಟ್ಟಿದ್ಲು. ತಗಡಿನ ಬಂಡ್ಯಾಗ ಅದೀನಿ ಅಂತ ಒಂದ ಮಾತು ಹೇಳಿದ್ರ, ಇದ್ದ ಕುರಿ ಎಲ್ಲಾ ಮಾರಿ ಅವತ್ತೇ ಕರಿಸ್ತಿದ್ದೆ."

"ಹೇಳಿದ್ದೆ," ಎಂದ ಕಾಶೀನಾಥ. ಅವನ ದನಿ ಪೂರ್ತಿ ಕೆಳಗಿಳಿದಿತ್ತು. "ಅವ್ವಗ ಹೇಳಿದ್ದೆ. ಅಕಿಗಿ ಕಿವಿ ಕೇಳಸೂದಿಲ್ಲ ಅಂದ್ರೆಲ್ಲಾ, ಆವಾಗಿಂದ ಖರೇ ಎಲ್ಲಾ ಅಕಿಗೇ ಹೇಳ್ತಿದ್ದೆ. ಬೆರಳು ಹೋಗಿದ್ದೂ ಹೇಳಿದ್ದೆ."

ಫೋನು ಎಲ್ಲಿಗೆ ಒತ್ತಿ ಹಿಡಿದಿದ್ದೆ ಎಂದು ಸಿದ್ದೇಶ್ವರಿ ಹೇಳಲೇಬೇಕಾಯಿತು. ಒಂದು ಶಬ್ದವನ್ನೂ ತಾನು ಕೇಳಿಸಿಕೊಂಡಿಲ್ಲ, ಕೇಳುವ ಧೈರ್ಯ ಇರಲಿಲ್ಲ ಎಂದಳು. ಅವನು ನನ್ನ ಕಡೆ ತಿರುಗಿದ. ನಿಮಗೂ ಗೊತ್ತಿತ್ತೇ ಎಂದು ಕೇಳಿದ. ಫೋನನ್ನು ಕೌದಿಗೆ ಹಿಡಿದದ್ದನ್ನು ನೋಡಿದ್ದೆ ಎಂದೆ. ಸುಳ್ಳು ಹೇಳಬಹುದಿತ್ತು, ಇನ್ನು ಆ ಮನೆಯಲ್ಲಿ ಸುಳ್ಳಿಗೆ ಜಾಗ ಇರಲಿಲ್ಲ. ಸಂಜುಕುಮಾರ ಯಾವಾಗ ಗೇಟು ದಾಟಿ ಹೋದನೋ ಯಾರೂ ನೋಡಲಿಲ್ಲ.

ಸಂಜುಕುಮಾರನ ಹೊಲದ ಬಗ್ಗೆ ನನಗೆ ಈಗಲೂ ಮರುಕವಿಲ್ಲ. ಆಸೆ ತೋರಿಸಿ ಒಬ್ಬ ಮನುಷ್ಯನನ್ನು ಗುಡ್ಡಕ್ಕೆ ಎಸೆದವನು ಹತ್ತು ಮಳೆಗಾಲ ಮುಳ್ಳು ಕೀಳಲಿ. ಆದರೆ ಕಾಶೀನಾಥನ ಸಿಟ್ಟು ಆ ಹೊಲದಲ್ಲಿ ಮುಗಿಯಲಿಲ್ಲ. ಧೊಂಡಿಬಾ ಅಷ್ಟು ದಿನ ಬೇರೆಯವನ ಹೊಲಕ್ಕೆ ಜಾಲಿಕಾಯಿ ಸುರಿದದ್ದು ಸಿಟ್ಟಿನಿಂದಲ್ಲ, ತನ್ನ ಗುಟ್ಟು ಬಯಲಾಗುವ ಹೆದರಿಕೆಯಿಂದ. ಅದು ಮಗನಿಗೆ ಈಗ ಗೊತ್ತಾಗಿತ್ತು, ಕ್ಷಮಿಸುವ ಮನಸ್ಸು ಅವನಿಗಿರಲಿಲ್ಲ. ಮರುದಿನವೇ ನನ್ನ ಕೋಣೆಗಳನ್ನು ಖಾಲಿ ಮಾಡಿದ. ಸಿದ್ದೇಶ್ವರಿ, ಮಾಯಾ ಇಬ್ಬರ ಸಾಮಾನನ್ನೂ ಮಕ್ಬೂಲನ ಆಟೋದಲ್ಲಿ ಹಾಕಿಸಿ ವಾಡಿಯ ಬೇರೊಂದು ಗುಡಿಸಲಿಗೆ ಸಾಗಿಸಿದ. ಹೆಂಡತಿಯನ್ನು ಬಿಡಲಿಲ್ಲ, ಮಾತೂ ಆಡಲಿಲ್ಲ. ತಂದೆಗೆ ಹಿಂಡು ಪಾಲು ಮಾಡು ಎಂದು ಹೇಳಿ ಕಳಿಸಿದ.

ಒಬ್ಬನೇ ಮಗನಾದವನು, ತಂದೆ ಬದುಕಿರುವಾಗಲೇ ಹಿಂಡು ಪಾಲು ಕೇಳುವುದು ಅವರಲ್ಲಿ ಯಾರೂ ಕೇಳದ ಮಾತು. ಪಾಲಾದ ಮೇಲೆ ಕುರಿಯ ಕಿವಿಯ ಗುರುತೂ ಬೇರೆಯಾಗಬೇಕು. ಪ್ರತಿ ಮನೆತನಕ್ಕೂ ಒಂದು ಗುರುತು, ಮರಿ ಇರುವಾಗಲೇ ಕತ್ತರಿಸುತ್ತಾರೆ. ಧೊಂಡಿಬಾನ ಮನೆಯದು ಬಲಗಿವಿಯ ತುದಿಗೆ ಸಣ್ಣ ಕಚ್ಚು, ಅವನ ಮುತ್ತಜ್ಜನ ಕಾಲದ್ದು. ಅದನ್ನು ಬಿಟ್ಟು ಬೇರೆ ಗುರುತು ಹಾಕುವುದೆಂದರೆ ನಾನು ನಿನ್ನ ಮನೆಯವನಲ್ಲ ಎಂದು ಊರಿಗೆಲ್ಲ ತೋರಿಸಿದಂತೆ.

ಸಿದ್ದೇಶ್ವರಿ ಫೋನು ಮಾಡಿ ಅತ್ತಳು, ನೀವಾದರೂ ಬಂದು ಹೇಳಿರಿ ಎಂದಳು. ಔರಾದದ ಬಸ್ಸು ಹಿಡಿದು ವಾಡಿಗೆ ಹೋದೆ. ಹೋಗಿ ಏನು ಹೇಳಬೇಕೋ ನನಗೂ ಗೊತ್ತಿರಲಿಲ್ಲ. ನಾನು ತಲುಪುವಷ್ಟರಲ್ಲಿ ಹಿಂಡು ಎರಡಾಗಿ ನಿಂತಿತ್ತು. ಕಾಶೀನಾಥ ನೆಲಕ್ಕೆ ಕೂತು ಚಾಕು ಮಸೆಯುತ್ತಿದ್ದ. ನನ್ನನ್ನು ನೋಡಿದ, ಬನ್ನಿ ಅನ್ನಲಿಲ್ಲ. ಅವನ ಪಾಲಿಗೆ ಬಂದ ಹೊಸ ಮರಿಗಳು ಇಪ್ಪತ್ತಮೂರು. ಮರಿಯ ಕಿವಿ ಕತ್ತರಿಸಲು ಒಬ್ಬರು ಗಟ್ಟಿಯಾಗಿ ಹಿಡಿಯಬೇಕು. ಸಿದ್ದೇಶ್ವರಿ ಹಿಡಿಯುವುದಿಲ್ಲ ಎಂದು ಗುಡಿಸಲೊಳಗೆ ಹೋದಳು. ಬಂಧುಗಳು ಒಬ್ಬೊಬ್ಬರಾಗಿ ಹಿಂದೆ ಸರಿದರು. ಇಂಥ ಕೆಲಸಕ್ಕೆ ಕೈ ಕೊಡಲು ಯಾರಿಗೂ ಮನಸ್ಸಿರಲಿಲ್ಲ.

ಧೊಂಡಿಬಾ ತನ್ನ ಕುರಿಗಳ ನಡುವಿನಿಂದ ಎದ್ದು ಬಂದ. ಪಟಗ ಬಿಚ್ಚಿ ಪಕ್ಕಕ್ಕಿಟ್ಟು, ಮಗನ ಎದುರು ಕೂತು, ಮೊದಲನೆಯ ಮರಿಯನ್ನು ಮೊಣಕಾಲುಗಳ ನಡುವೆ ಒತ್ತಿ ತಲೆ ಹಿಡಿದ. ಕಾಶೀನಾಥನ ಚಾಕು ಒಂದು ಕ್ಷಣ ತಡೆಯಿತು. ಈಗ ಅದನ್ನು ಕೆಳಗಿಡುತ್ತಾನೆ ಎಂದುಕೊಂಡೆ. ಅವನು ಎಡಗಿವಿ ಹಿಡಿದು ನಡುವೆ ಸೀಳಿದ. ಮರಿ ಕಿರುಚಿತು. ಮುದುಕ ಅರಿಶಿನ, ಎಣ್ಣೆ ಕಲಸಿದ್ದನ್ನು ಗಾಯಕ್ಕೆ ಹಚ್ಚಿ, ಬಿಟ್ಟು, ಇನ್ನೊಂದನ್ನು ಹಿಡಿದ. ಇಪ್ಪತ್ತಮೂರನ್ನೂ ಅವನೇ ಹಿಡಿದ. ಧೋತರದ ತುಂಬ ರಕ್ತದ ಚುಕ್ಕೆ ಬಿದ್ದಿದ್ದವು.

ಕೊನೆಯದು ಮುಗಿದ ಮೇಲೆ ಧೊಂಡಿಬಾ ಆ ಮರಿಯ ಕಿವಿಯನ್ನು ಎರಡು ಬೆರಳಿನಲ್ಲಿ ಹಿಡಿದು ನೋಡಿದ.

"ಎಡಗಿವಿ, ನಡುವ ಸೀಳು," ಎಂದ. "ನೆನಪಿಟ್ಕೋತೇನಿ. ತಪ್ಪಿ ನನ್ನ ಹಿಂಡಿನ್ಯಾಗ ಕೂಡಿದ್ರ ತಿರುಗಿ ಕಳಸ್ತೇನಿ."

ಕಾಶೀನಾಥ ಚಾಕುವನ್ನು ಹುಲ್ಲಿಗೆ ಒರೆಸಿದ. ಕಂಬಳಿ ಹೆಗಲಿಗೆ ಹಾಕಿಕೊಂಡು, ತನ್ನ ಪಾಲಿನ ಕುರಿಗಳನ್ನು ಭಾಲ್ಕಿಯ ಕಡೆ ಹೊಡೆದುಕೊಂಡು ಹೊರಟ. ತಂದೆಯ ಹಿಂಡಿನಲ್ಲಿದ್ದ ತಾಯಿಕುರಿಯೊಂದು ತನ್ನ ಮರಿಯ ದನಿ ಕೇಳಿ ಅವನ ಹಿಂದೆ ಓಡಿತು. ಧೊಂಡಿಬಾ ಎದ್ದು ಹೋಗಿ ಅದನ್ನು ಹಿಂಗಾಲು ಹಿಡಿದು ತಿರುಗಿ ತಂದ.